ಪಟ್ಟಿ ಅಂದರೆ ನಾಯಿ: ಹೊಸ ಪದಗಳು ತಲೆಯಲ್ಲಿ ನಿಲ್ಲಬೇಕಾದರೆ

ಮೈಸೂರಿನಿಂದ ತ್ರಿಶ್ಶೂರಿನ ಬ್ಯಾಂಕ್ ಶಾಖೆಗೆ ವರ್ಗವಾಗಿ ಬಂದು ಎರಡು ವಾರ ಆಗಿತ್ತು. ಸಾಲಗಾರರ ಪಟ್ಟಿ ಬೇಕಿತ್ತು. 'ಎಲ್ಲಿ' ಅನ್ನುವುದಕ್ಕೆ ಮಲಯಾಳದಲ್ಲಿ 'ಎವಿಡೆ' ಎಂದು ಹಿಂದಿನ ರಾತ್ರಿಯಷ್ಟೇ ಕಲಿತಿದ್ದೆ. ಪಟ್ಟಿ ಇಲ್ಲೂ ಪಟ್ಟಿಯೇ ಇರಬೇಕು ಅಂದುಕೊಂಡು, ಅಟೆಂಡರ್ ಚೇಚ್ಚಿಯನ್ನು ಜೋರಾಗಿಯೇ ಕೇಳಿದೆ: "ಚೇಚ್ಚೀ, ಪಟ್ಟಿ ಎವಿಡೆ?"

ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ಬಾಗಿಲ ಕಡೆ ಕೈ ತೋರಿಸಿ, "ಪಟ್ಟಿ ಪುರತ್ತಾಣ್ ಸಾರೇ" ಅಂದರು. ನಾಯಿ ಹೊರಗಿದೆ ಸಾರ್, ಅಂತ. ಕೌಂಟರಿನ ಆಚೆ ಈಚೆ ಇದ್ದವರೆಲ್ಲ ನಕ್ಕರು. ಮಲಯಾಳದಲ್ಲಿ ಪಟ್ಟಿ ಅಂದರೆ ನಾಯಿ. ನನಗೆ ಬೇಕಾಗಿದ್ದದ್ದು 'ಪಟ್ಟಿಕ'.

ಆ ತಿಂಗಳು ನಾನು ಕಲಿಯಲು ಹೊರಟಿದ್ದು ಸುಮಾರು ಸಾವಿರ ಪದ. ದಿನಾ ಊಟ ಆದಮೇಲೆ ನೋಟ್‌ಬುಕ್ಕಿನಲ್ಲಿ ನಲವತ್ತು ಪದ ಬರೆದುಕೊಂಡು ಹತ್ತು ಸಲ ಓದುತ್ತಿದ್ದೆ. ಓದುವಾಗ ಎಲ್ಲಾ ಬರುತ್ತಿತ್ತು. ಬೆಳಿಗ್ಗೆ ಕೌಂಟರಿನಲ್ಲಿ ಕೂತರೆ ಒಂದೂ ಬಾಯಿಗೆ ಬರುತ್ತಿರಲಿಲ್ಲ. ಹೊಳೆಯಲ್ಲಿ ಹುಣಸೆ ಹಣ್ಣು ತೊಳೆದ ಹಾಗೆ. ವಯಸ್ಸು ನಲವತ್ತು ದಾಟಿತು, ಇನ್ನು ತಲೆಗೆ ಹತ್ತಲ್ಲ ಅಂದುಕೊಂಡಿದ್ದೆ. ತಪ್ಪು ವಯಸ್ಸಿನದಲ್ಲ, ಕಲಿಯುವ ರೀತಿಯದು ಎಂದು ಆಮೇಲೆ ಗೊತ್ತಾಯಿತು. ಮಿದುಳು ಹೊಸದನ್ನು ಹೇಗೆ ಹಿಡಿದಿಟ್ಟುಕೊಳ್ಳುತ್ತದೆ ಎಂದು ಓದಿ, ಅದಕ್ಕೆ ತಕ್ಕ ಹಾಗೆ ಕ್ರಮ ಬದಲಾಯಿಸಿದೆ. ಅದನ್ನೇ ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ. ನನ್ನ ಉದಾಹರಣೆ ಮಲಯಾಳ. ನಿಮ್ಮದು ತಮಿಳೋ ಜರ್ಮನ್ನೋ ಪರೀಕ್ಷೆಯ ಕಾಯಿದೆ ಕಲಮುಗಳೋ, ಯಾವುದಾದರೂ ಕ್ರಮ ಇದೇ.

ಮೊದಲು, ಒಳಗೆ ಏನು ನಡೆಯುತ್ತದೆ

ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಒಂದು ಪದಕ್ಕೆ ಒಂದು ಕೋಶ ಅಂತ ಇಲ್ಲ. ನೆನಪು ಇರುವುದು ಕೋಶಗಳ ನಡುವಿನ ಜೋಡಣೆಯಲ್ಲಿ. ಎರಡು ಕೋಶಗಳು ಮತ್ತೆ ಮತ್ತೆ ಒಟ್ಟಿಗೆ ಎಚ್ಚರಗೊಂಡರೆ ಅವುಗಳ ನಡುವಿನ ದಾರಿ ಸಲೀಸಾಗುತ್ತದೆ. ಗದ್ದೆಯಲ್ಲಿ ಜನ ನಡೆದು ನಡೆದು ಕಾಲುದಾರಿ ಬೀಳುತ್ತದಲ್ಲ, ಹಾಗೆ. ಇದನ್ನು ಪ್ರಯೋಗದಲ್ಲಿ ಚೆನ್ನಾಗಿ ತೋರಿಸಿದವರು ಟಿಮ್ ಬ್ಲಿಸ್ ಮತ್ತು ಟೆರ್ಯೆ ಲೋಮೋ. ಮೊಲಗಳ ಮಿದುಳಿನ ಒಂದು ಭಾಗಕ್ಕೆ ಸ್ವಲ್ಪ ಹೊತ್ತು ವೇಗವಾಗಿ ವಿದ್ಯುತ್ ಮಿಡಿತ ಕೊಟ್ಟರು. ಆಮೇಲೆ ಗಂಟೆಗಟ್ಟಲೆ ಆ ಜೋಡಣೆ ಮೊದಲಿಗಿಂತ ಬಲವಾಗಿ ಉತ್ತರಿಸುತ್ತಿತ್ತು. ಅದು ಅಚ್ಚಾಗಿದ್ದು 1973ರಲ್ಲಿ.

ಅವರು ಪರೀಕ್ಷಿಸಿದ ಆ ಭಾಗದ ಹೆಸರು ಹಿಪೊಕ್ಯಾಂಪಸ್. ನೋಡಲು ಕಡಲಕುದುರೆಯ ಹಾಗಿರುವುದಕ್ಕೆ ಆ ಗ್ರೀಕ್ ಹೆಸರು. ಕಿವಿಯ ಒಳಮಗ್ಗುಲಿಗೆ, ಎರಡೂ ಕಡೆ ಒಂದೊಂದು ಇದೆ. ಅದು ಮಾಡುವ ಕೆಲಸ ಏನೆಂದು ಜಗತ್ತಿಗೆ ತಿಳಿದದ್ದು ಒಬ್ಬ ಮನುಷ್ಯನ ಕಷ್ಟದಿಂದ. ಹೆನ್ರಿ ಮೊಲೈಸನ್ ಎಂಬ ಅಮೆರಿಕದ ಯುವಕನಿಗೆ ತೀವ್ರ ಅಪಸ್ಮಾರ ಇತ್ತು. 1953ರಲ್ಲಿ, ಆತನಿಗೆ 27 ವರ್ಷವಾಗಿದ್ದಾಗ, ಎರಡೂ ಕಡೆಯ ಹಿಪೊಕ್ಯಾಂಪಸ್‌ನ ಹೆಚ್ಚಿನ ಭಾಗವನ್ನು ತೆಗೆದುಹಾಕಿದರು. ಅಪಸ್ಮಾರ ಕಡಿಮೆಯಾಯಿತು. ಆದರೆ ಅವತ್ತಿನಿಂದ ಹೊಸದೊಂದೂ ನಿಲ್ಲಲಿಲ್ಲ. ಬಾಲ್ಯದ ನೆನಪುಗಳಿದ್ದವು, ಮಾತು ಚೆನ್ನಾಗಿತ್ತು, ಬುದ್ಧಿ ಚುರುಕಾಗಿತ್ತು. ಆದರೆ ಈಗ ಮಾತಾಡಿ ಹೋದವರು ಸ್ವಲ್ಪ ಹೊತ್ತು ಬಿಟ್ಟು ಬಂದರೆ ಹೊಸಬರು. ಶಸ್ತ್ರಚಿಕಿತ್ಸೆಯ ನಂತರ ಬಳಕೆಗೆ ಬಂದ ಪದಗಳ ಅರ್ಥ ಆತನಿಗೆ ಹೆಚ್ಚಾಗಿ ಗೊತ್ತೇ ಇರಲಿಲ್ಲ. 2008ರಲ್ಲಿ ತೀರಿಕೊಳ್ಳುವವರೆಗೂ ಹಾಗೇ ಇದ್ದರು.

ಇಲ್ಲೊಂದು ತಿರುವಿದೆ. ಬ್ರೆಂಡಾ ಮಿಲ್ನರ್ ಎಂಬ ವಿಜ್ಞಾನಿ ಆತನಿಗೆ ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಗೆರೆ ತಿದ್ದುವ ಕೆಲಸ ಕೊಟ್ಟರು. ದಿನದಿಂದ ದಿನಕ್ಕೆ ಆತ ಚೆನ್ನಾಗಿ ತಿದ್ದಿದ. ಹಿಂದೆ ಅದನ್ನು ಮಾಡಿದ್ದೇನೆ ಅನ್ನುವುದು ಮಾತ್ರ ನೆನಪಿರಲಿಲ್ಲ. ಅಂದರೆ ಕೈಯ ಕಲಿಕೆ ಬೇರೆ, ವಿಷಯದ ನೆನಪು ಬೇರೆ. ಎರಡಕ್ಕೂ ಮಿದುಳಿನಲ್ಲಿ ಬೇರೆ ಬೇರೆ ವ್ಯವಸ್ಥೆ.

ಭಾಷೆ ಕಲಿಯುವವರಿಗೆ ಇದು ನೇರ ಉಪಯೋಗಕ್ಕೆ ಬರುತ್ತದೆ. ಮಲಯಾಳದಲ್ಲಿ ನಾವು ಕಳೆದುಕೊಂಡ ಒಂದು ಅಕ್ಷರ ಇನ್ನೂ ಬದುಕಿದೆ: ಹಳಗನ್ನಡದ ೞ. ನಮ್ಮ ಮೞೆ ಮಳೆಯಾಯಿತು, ಏೞು ಏಳಾಯಿತು. ಅವರ ನಾಲಿಗೆಯಲ್ಲಿ ೞ ಹಾಗೇ ಉಳಿದಿದೆ. ಆ ಉಚ್ಚಾರ ನೋಟ್‌ಬುಕ್ಕಿನಿಂದ ಬರುವುದಿಲ್ಲ. ಅದು ನಾಲಿಗೆಯ ಕೆಲಸ, ಸೈಕಲ್ ಕಲಿತ ಹಾಗೆ. ದಿನಾ ಐದು ನಿಮಿಷ ಬಾಯಲ್ಲೇ ಹೇಳಬೇಕು. ನಾನು ಸ್ನಾನ ಮಾಡುವಾಗ ಹೇಳುತ್ತಿದ್ದೆ.

ಹಂತ 1: ಕಡಿಮೆ ತೆಗೆದುಕೊಳ್ಳಿ

ದಿನಕ್ಕೆ ಎಂಟು ಪದ, ಅದಕ್ಕಿಂತ ಜಾಸ್ತಿ ಬೇಡ. ಒಂದು ಸಲಕ್ಕೆ ನಾಲ್ಕು. ತಲೆಯಲ್ಲಿ ಒಂದೇ ಸಲ ಹಿಡಿದಿಟ್ಟುಕೊಳ್ಳಬಹುದಾದ್ದು ಸುಮಾರು ಏಳು ಸಂಗತಿ ಎಂದು ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದರು. ಆಮೇಲೆ ಬಂದ ಸಂಶೋಧಕರು ಅದನ್ನೂ ಇಳಿಸಿ ನಾಲ್ಕರ ಹತ್ತಿರ ತಂದರು. ನಲವತ್ತು ಪದ ಸುರಿದರೆ ಹೊಸದು ಬಂದ ಹಾಗೆ ಹಳೆಯದು ಅಂಚಿನಿಂದ ಬೀಳುತ್ತದೆ.

ಫೋನು ಇನ್ನೊಂದು ಕೋಣೆಯಲ್ಲಿರಲಿ. ಗಮನ ಕೊಡದ್ದು ಒಳಗೇ ಹೋಗಿರುವುದಿಲ್ಲ, ಆಮೇಲೆ 'ಮರೆತೆ' ಅನ್ನುವುದು ಸುಮ್ನೆ.

ಹಂತ 2: ಹಳೆಯದಕ್ಕೆ ಗಂಟು ಹಾಕಿ

ನನಗೆ ಎಲ್ಲಕ್ಕಿಂತ ಹೆಚ್ಚು ಸಹಾಯ ಮಾಡಿದ್ದು ಇದು. ಹೊಸ ಸಂಗತಿ ಒಂಟಿಯಾಗಿ ನಿಲ್ಲುವುದಿಲ್ಲ. ಆಗಲೇ ಗಟ್ಟಿಯಾಗಿರುವ ಯಾವುದಕ್ಕಾದರೂ ಕಟ್ಟಿದರೆ ನಿಲ್ಲುತ್ತದೆ. ಆ ಪದದ ಕಡೆಗೆ ಹೋಗಲು ಮಿದುಳಿಗೆ ಆಗ ಒಂದರ ಬದಲು ನಾಲ್ಕು ದಾರಿ.

ಕನ್ನಡದವರಿಗೆ ಮಲಯಾಳದಲ್ಲಿ ಇಂಥ ದಾರಿಗಳು ಬೇಕಾದಷ್ಟಿವೆ. ಒಂದು ಭಾನುವಾರ ಕೂತು ನೋಡಿದೆ. ನಮ್ಮ 'ಹ' ಇರುವ ಕಡೆ ಅವರದು 'ಪ'. ಹಾಲು ಪಾಲ್, ಹುಲಿ ಪುಲಿ, ಹುಳಿ ಪುಳಿ, ಹಲ್ಲು ಪಲ್ಲ್, ಹತ್ತು ಪತ್ತ್, ಹಣ ಪಣಂ. ನಮ್ಮ ಹಳಗನ್ನಡದಲ್ಲೂ ಪಾಲ್, ಪುಲಿ ಎಂದೇ ಇತ್ತಲ್ಲ, ಶಾಲೆಯಲ್ಲಿ ಓದಿದ್ದೇವೆ. ಚೇಚ್ಚಿ ಹೇಳಿದ 'ಪುರತ್ತ್' ನಮ್ಮ 'ಹೊರಗೆ'ಯ ನೆಂಟ ಎಂದು ಅವತ್ತು ಹೊಳೆಯಿತು. ನಮ್ಮ 'ಬ' ಇರುವ ಕಡೆ ಅವರದು 'ವ'. ಬಾಯಿ ವಾಯ್, ಬೆಲೆ ವಿಲ, ಬೆಳ್ಳಿ ವೆಳ್ಳಿ, ಬಾಗಿಲು ವಾತಿಲ್, ಬೀಡು ವೀಡ್. ಇ, ಎ ಸ್ವರ ಸೇರಿದ 'ಕ' ಅಲ್ಲಿ 'ಚ' ಆಗಿರುತ್ತದೆ. ಕಿವಿ ಚೆವಿ, ಕೆರೆ ಚಿರ, ಕೇರಿ ಚೇರಿ.

ಮೂರು ಸೂತ್ರ ಹಿಡಿದ ಮೇಲೆ ಇವು ಹದಿನಾಲ್ಕು ಪದಗಳಾಗಿ ಉಳಿಯಲಿಲ್ಲ. ಮೂರೇ ಸಂಗತಿಯಾದವು. ನಾಲ್ಕರ ಮಿತಿಯೊಳಗೆ ದೊಡ್ಡ ಸಂಸಾರ ತುಂಬುವ ಉಪಾಯ ಇದು. ಮೊಬೈಲ್ ನಂಬರನ್ನು ಹತ್ತು ಅಂಕಿಯಾಗಿ ನೆನಪಿಡದೆ ಎರಡು ತುಂಡು ಮಾಡಿ ಹೇಳುತ್ತೇವಲ್ಲ, ಅದೂ ಇದೇ. (ತುಳುವಿನವರು ಇಲ್ಲಿ ಸ್ವಲ್ಪ ಹುಷಾರಾಗಿರಬೇಕು. ಅವರ 'ಪೇರ್' ಹಾಲು, ಮಲಯಾಳದ 'ಪೇರ್' ಹೆಸರು.)

ನೆಂಟಸ್ತಿಕೆ ಸಿಗದ ಪದಗಳಿಗೆ ನಾವೇ ನೆಂಟಸ್ತಿಕೆ ಹುಟ್ಟಿಸಬೇಕು. ಭಾಷಾಶಾಸ್ತ್ರಕ್ಕೆ ಒಪ್ಪದಿದ್ದರೂ ಚಿಂತೆ ಇಲ್ಲ, ನೆನಪಿಗೆ ಒಪ್ಪಿದರೆ ಸಾಕು. ಬ್ಯಾಂಕಿನಲ್ಲಿ ದಿನಾ ಬೇಕಾಗುವ ನಾಲ್ಕು ಪದ ನಾನು ಹೀಗೆ ಕಟ್ಟಿಕೊಂಡೆ. ಬಡ್ಡಿ ಅಂದರೆ 'ಪಲಿಶ': ಹಣ ಫಲಿಸಿದರೆ ಪಲಿಶ. ಸಾಲ ಅಂದರೆ 'ವಾಯ್ಪ': ವಾಯ್ ಬಿಟ್ಟು ಕೇಳಿದರೆ ಸಿಗುವುದು. ಗಿರವಿ ಅಂದರೆ 'ಪಣಯಂ': ಚಿನ್ನವನ್ನು ಪಣಕ್ಕಿಟ್ಟ ಹಾಗೆ. ಸಹಿ ಅಂದರೆ 'ಒಪ್ಪ್': ಒಪ್ಪಿದವರು ಹಾಕುವುದು.

ಒಂದೇ ಥರ ಕೇಳಿಸಿ ಬೇರೆ ಅರ್ಥ ಕೊಡುವ ಪದಗಳಿಗೆ ಮಾತ್ರ ಬೇರೆ ಪುಟ ಇಡಿ. 'ಅವಧಿ' ಅಂದರೆ ಅಲ್ಲಿ ರಜೆ. 'ಇನ್ನ್' ಅಂದರೆ ಇವತ್ತು, ನಮ್ಮ 'ಇನ್ನು' ಅಲ್ಲ. ಹಾಗೆಯೇ ಇವಿಡೆ, ಅವಿಡೆ, ಎವಿಡೆ ಎಂಬಂಥ ತ್ರಿವಳಿಗಳನ್ನು ಒಂದೇ ದಿನ ಕಲಿಯಬೇಡಿ. ನಾನು ಕಲಿತು, ಒಂದು ವಾರ ಮೂರನ್ನೂ ಅದಲು ಬದಲು ಮಾಡುತ್ತಿದ್ದೆ. ಒಂದು ಗಟ್ಟಿಯಾದ ಮೇಲೆ ಇನ್ನೊಂದು.

ಹಂತ 3: ಪುಸ್ತಕ ಮುಚ್ಚಿ

ಮತ್ತೆ ಮತ್ತೆ ಓದುವುದು ಕಲಿಕೆ ಅನ್ನಿಸುತ್ತದೆ. ಹೆಚ್ಚಾಗಿ ಅಲ್ಲ. ಹತ್ತನೇ ಸಲ ಓದುವಾಗ ಪುಟ ಪರಿಚಿತವಾಗಿರುತ್ತದೆ, 'ಓ, ಇದು ಗೊತ್ತು' ಅನ್ನುತ್ತೇವೆ. ಕಂಡಾಗ ಗುರುತಿಸುವುದು ಒಂದು ಕೆಲಸ, ಏನೂ ಕಾಣದಿರುವಾಗ ಒಳಗಿನಿಂದ ತೆಗೆಯುವುದು ಇನ್ನೊಂದು. ಮದುವೆ ಮನೆಯಲ್ಲಿ ಮುಖ ಗೊತ್ತು, ಹೆಸರು ಬಾಯಿಗೆ ಬರಲ್ಲ, ಅಲ್ವಾ? ಕೌಂಟರಿನಲ್ಲಿ ನನಗೆ ಬೇಕಾಗಿದ್ದು ಎರಡನೆಯದು, ರಾತ್ರಿಯೆಲ್ಲ ಅಭ್ಯಾಸ ಮಾಡುತ್ತಿದ್ದದ್ದು ಮೊದಲನೆಯದು.

ಇದರ ಬಗ್ಗೆ ಅಮೆರಿಕದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ 2006ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಕೆಲವು ವಿದ್ಯಾರ್ಥಿಗಳು ಒಂದು ಪಾಠವನ್ನು ನಾಲ್ಕು ಸರದಿ ಓದಿದರು. ಇನ್ನು ಕೆಲವರು ಒಂದೇ ಸರದಿ ಓದಿ, ಉಳಿದ ಮೂರು ಸರದಿಯಲ್ಲಿ ಪುಸ್ತಕ ನೋಡದೆ ನೆನಪಿದ್ದದ್ದನ್ನು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ಲೆಕ್ಕ ತಿರುಗಿತು. ಬರೀ ಓದಿದವರಿಗೆ ನೆನಪಿದ್ದದ್ದು ಸುಮಾರು ಶೇ 40, ನೆನಪಿನಿಂದ ಬರೆದವರಿಗೆ ಸುಮಾರು ಶೇ 61. ಒಳಗಿನಿಂದ ತೆಗೆಯುವ ಪ್ರತಿ ಸಲವೂ ಆ ದಾರಿ ಗಟ್ಟಿಯಾಗುತ್ತದೆ. ನಮ್ಮ ಮೇಷ್ಟ್ರು ಮಗ್ಗಿಯನ್ನು ಪುಸ್ತಕ ಮುಚ್ಚಿಸಿ ಒಪ್ಪಿಸಲು ಹೇಳುತ್ತಿದ್ದರು. 'ಹದಿನಾಲ್ಕೇಳ್ಲಿ?' ಎಂದು ನಡುವೆ ಎಲ್ಲಿಂದಲೋ ಕೇಳುತ್ತಿದ್ದರು. ಆಗ ಶಿಕ್ಷೆ ಅನ್ನಿಸಿತ್ತು. ಈಗಲೂ ಆ ಮಗ್ಗಿ ಬರುತ್ತದೆ.

ಮಾಡುವುದು ಹೀಗೆ. ನಾಲ್ಕು ಪದಗಳನ್ನು ಎರಡು ಸಲ ಓದಿ. ಪುಟ ಮಡಚಿ. ಕನ್ನಡ ಪದ ನೋಡಿ ಮಲಯಾಳ ಪದವನ್ನು ಜೋರಾಗಿ ಹೇಳಿ. ಬಾರದಿದ್ದರೆ ತಕ್ಷಣ ತೆರೆಯಬೇಡಿ. ಹತ್ತು ಸೆಕೆಂಡು ಒದ್ದಾಡಿ. ಏನಾದರೊಂದು ಊಹೆ ಹೇಳಿ, ಆಮೇಲೆ ನೋಡಿ. ಈ ಒದ್ದಾಟ ಹಿತವಾಗಿರುವುದಿಲ್ಲ, ಓದುವುದೇ ಸುಖ ಅನ್ನಿಸುತ್ತದೆ. ಹಾಗೆ ಅನ್ನಿಸಿದಾಗ ಪುಟ ಮಡಚಿಯೇ ಇರಲಿ.

ಹಂತ 4: ಮರೆಯಲು ಸ್ವಲ್ಪ ಹೊತ್ತು ಬಿಡಿ, ಆಮೇಲೆ ಹಿಡಿಯಿರಿ

ಮರೆವನ್ನು ಮೊದಲು ಅಳೆದವರು ಜರ್ಮನಿಯ ಹೆರ್ಮನ್ ಎಬಿಂಗ್‌ಹೌಸ್. ಅರ್ಥವೇ ಇಲ್ಲದ ಉಚ್ಚಾರಗಳನ್ನು ಸಾಲು ಸಾಲಾಗಿ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಉಳಿದಿದೆ ಎಂದು ನೋಡಿದರು. ಪ್ರಯೋಗಕ್ಕೆ ಸಿಕ್ಕ ಮನುಷ್ಯ ಒಬ್ಬನೇ: ಅವರೇ. 1885ರಲ್ಲಿ ಅದನ್ನು ಪುಸ್ತಕವಾಗಿ ತಂದರು. ಮತ್ತೆ ಕಲಿಯುವಾಗ ಎಷ್ಟು ಶ್ರಮ ಉಳಿಯುತ್ತದೆ ಎನ್ನುವುದು ಅವರ ಅಳತೆ. 20 ನಿಮಿಷದ ನಂತರ ಶೇ 58 ಉಳಿತಾಯ, ಒಂದು ಗಂಟೆಗೆ ಶೇ 44, ಒಂದು ದಿನಕ್ಕೆ ಸುಮಾರು ಶೇ 34, 31 ದಿನಕ್ಕೆ ಶೇ 21. ಮೊದಲ ಗಂಟೆಯಲ್ಲೇ ದೊಡ್ಡ ಸೋರಿಕೆ, ಆಮೇಲೆ ನಿಧಾನ.

ಹಾಗಾಗಿ ಒಂದೇ ರಾತ್ರಿ ಹತ್ತು ಸಲ ಓದುವ ಬದಲು ಅದೇ ಹತ್ತು ಸಲವನ್ನು ಒಂದು ತಿಂಗಳಿಗೆ ಹಂಚಿ. ಇದಕ್ಕೆ ಡಬ್ಬಿ ಪದ್ಧತಿ ಒಳ್ಳೆಯದು. 1970ರ ದಶಕದಲ್ಲಿ ಸೆಬಾಸ್ಟಿಯನ್ ಲೈಟ್ನರ್ ಜನಪ್ರಿಯ ಮಾಡಿದ ಪದ್ಧತಿ. ಫೋನಿನಲ್ಲಿ ಇದೇ ಕೆಲಸಕ್ಕೆ ಆ್ಯಪ್‌ಗಳಿವೆ, ಆದರೆ ನನಗೆ ಕೈಗೆ ಸಿಗುವ ಚೀಟಿಯೇ ಇಷ್ಟ.

ಹಳೆಯ ಲಗ್ನಪತ್ರಿಕೆಗಳನ್ನು ನಾಲ್ಕು ತುಂಡು ಮಾಡಿ. ಗಟ್ಟಿ ಕಾಗದ, ಹಿಂಬದಿ ಖಾಲಿ. ಒಂದು ಕಡೆ ಕನ್ನಡ, ಇನ್ನೊಂದು ಕಡೆ ಹೊಸ ಪದ. ಐದು ಸ್ವೀಟ್ ಡಬ್ಬಿ ತೆಗೆದುಕೊಳ್ಳಿ. ಹೊಸ ಚೀಟಿ ಮೊದಲ ಡಬ್ಬಿಗೆ. ಮೊದಲನೆಯದನ್ನು ದಿನಾ ತೆಗೆಯಬೇಕು, ಎರಡನೆಯದನ್ನು ಎರಡು ದಿನಕ್ಕೊಮ್ಮೆ, ಮೂರನೆಯದನ್ನು ನಾಲ್ಕು ದಿನಕ್ಕೆ, ನಾಲ್ಕನೆಯದನ್ನು ಎಂಟು ದಿನಕ್ಕೆ, ಐದನೆಯದನ್ನು ಹದಿನಾರು ದಿನಕ್ಕೆ. ಉತ್ತರ ಬಂದರೆ ಚೀಟಿ ಮುಂದಿನ ಡಬ್ಬಿಗೆ. ಬಾರದಿದ್ದರೆ, ಯಾವ ಡಬ್ಬಿಯಲ್ಲಿದ್ದರೂ, ಮತ್ತೆ ಮೊದಲನೆಯದಕ್ಕೆ. ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ನನ್ನ 'ತುಕ' ಎಂಬ ಚೀಟಿ ಆರು ಸಲ ವಾಪಸ್ ಬಂದಿದೆ. ಮೊತ್ತ ಅಂತ ಅರ್ಥ. ಬ್ಯಾಂಕಿನವನಿಗೆ ಮೊತ್ತವೇ ನೆನಪಾಗದಿದ್ದರೆ ಹೇಗೆ!

ಹಂತ 5: ನಿದ್ದೆ

1924ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಜೆಂಕಿನ್ಸ್ ಮತ್ತು ಡಾಲೆನ್‌ಬಾಖ್ ಇಬ್ಬರು ವಿದ್ಯಾರ್ಥಿಗಳಿಗೆ ಉಚ್ಚಾರಗಳ ಸಾಲು ಕಲಿಸಿ ನೋಡಿದರು. ಕಲಿತ ಮೇಲೆ ಮಲಗಿ ಎದ್ದಾಗ, ಅಷ್ಟೇ ಹೊತ್ತು ಎಚ್ಚರವಿದ್ದಾಗಿನದಕ್ಕಿಂತ ಹೆಚ್ಚು ನೆನಪಿತ್ತು. ಕಾರಣದ ಒಂದು ತುಣುಕು 1994ರಲ್ಲಿ ಇಲಿಗಳಲ್ಲಿ ಸಿಕ್ಕಿತು. ಓಡಾಡುವಾಗ ಹಿಪೊಕ್ಯಾಂಪಸ್‌ನಲ್ಲಿ ಒಟ್ಟಿಗೆ ಮಿಡಿದ ಕೋಶಗಳು ಆಮೇಲೆ ನಿದ್ದೆಯಲ್ಲೂ ಒಟ್ಟಿಗೆ ಮಿಡಿಯುತ್ತಿದ್ದವು. ಹಗಲಿನ ಪಾಠವನ್ನು ಮಿದುಳು ರಾತ್ರಿ ಮತ್ತೆ ಒಪ್ಪಿಸಿದ ಹಾಗೆ. ಹಿಪೊಕ್ಯಾಂಪಸ್ ತಾತ್ಕಾಲಿಕವಾಗಿ ಹಿಡಿದದ್ದು ಹೀಗೆ ನಿಧಾನವಾಗಿ ಮಿದುಳಿನ ಹೊರಪದರಕ್ಕೆ ಸೇರುತ್ತದೆ ಎನ್ನುವುದು ಇವತ್ತು ಹೆಚ್ಚಿನವರು ಒಪ್ಪುವ ವಿವರಣೆ. ಮೊಲೈಸನ್‌ಗೆ ಬಾಲ್ಯ ಉಳಿದಿದ್ದೂ ಅದಕ್ಕೇ ಎನ್ನುತ್ತಾರೆ.

ಮಲಗುವ ಮುಂಚೆ ಡಬ್ಬಿ ತೆಗೆದು ಒಂದು ಸುತ್ತು ಹಾಕಿ, ನೇರ ಮಲಗಿ. ನಡುವೆ ರೀಲ್ಸ್ ಬೇಡ. ರಾತ್ರಿ ಎರಡರವರೆಗೆ ಓದಿ ನಿದ್ದೆ ಕಡಿಮೆ ಮಾಡಿಕೊಳ್ಳುವುದು ಕಟ್ಟಿದ್ದನ್ನು ಕೈಯಾರೆ ಬಿಚ್ಚಿದ ಹಾಗೆ. ನಿದ್ದೆಯಲ್ಲಿ ಇಯರ್‌ಫೋನ್ ಹಾಕಿಕೊಂಡು ಭಾಷೆ ಕಲಿಯುತ್ತೇನೆ ಅನ್ನುವವರಿಗೆ: ನಾನೂ ಮಾಡಿದ್ದೇನೆ. ಕಿವಿ ನೋವು ಬಂತು.

ಅಮ್ಮ ಮೈಸೂರಿನಿಂದ ಒಂದೆಲಗ ಕಟ್ಟಿ ಕಳಿಸುತ್ತಿದ್ದರು, ನೆನಪಿನ ಶಕ್ತಿಗೆ ಒಳ್ಳೆಯದಂತೆ. ತಂಬುಳಿ ಬಹಳ ಚೆನ್ನಾಗಿರುತ್ತದೆ. ಚೀಟಿ ಮಾತ್ರ ನಾವೇ ತಿರುವಬೇಕು.

ಹಂತ 6: ಬೇಕಾದ ಜಾಗದಲ್ಲೇ ಬಳಸಿ

ಕೋಣೆಯಲ್ಲಿ ಬರುತ್ತಿದ್ದ ಪದ ಕೌಂಟರಿನಲ್ಲಿ ಬಾರದಿರುವುದಕ್ಕೆ ಇನ್ನೊಂದು ಕಾರಣವೂ ಇದೆ. ಪದದ ಜೊತೆಗೆ ಜಾಗವೂ ನೆನಪಿಗೆ ಅಂಟಿಕೊಳ್ಳುತ್ತದೆ. 1975ರಲ್ಲಿ ಗಾಡೆನ್ ಮತ್ತು ಬ್ಯಾಡ್‌ಲಿ ಸ್ಕಾಟ್ಲೆಂಡಿನಲ್ಲಿ ಮುಳುಗುಗಾರರಿಗೆ ಪದಗಳನ್ನು ಕೊಟ್ಟರು, ಕೆಲವು ದಡದಲ್ಲಿ, ಕೆಲವು ನೀರೊಳಗೆ. ನೀರಿನಲ್ಲಿ ಕಲಿತದ್ದು ನೀರಿನಲ್ಲೇ ಹೆಚ್ಚು ನೆನಪಾಯಿತು, ದಡದ್ದು ದಡದಲ್ಲಿ.

ಅದಕ್ಕೆ ಚೀಟಿಗಳನ್ನು ಜೇಬಿನಲ್ಲಿ ಹಾಕಿಕೊಂಡು ಓಡಾಡಿ. ಬಸ್ ಸ್ಟಾಪಿನಲ್ಲಿ, ಮೀನಿನ ಅಂಗಡಿಯ ಮುಂದೆ, ಊಟದ ಬಿಡುವಿನಲ್ಲಿ ತೆಗೆಯಿರಿ. ಜಾಗ ಬದಲಾದಷ್ಟೂ ಪದ ಒಂದೇ ಗೋಡೆಗೆ ಅಂಟಿಕೊಳ್ಳುವುದಿಲ್ಲ. ದಿನದ ಎಂಟರಲ್ಲಿ ಕನಿಷ್ಠ ಎರಡು ಪದವನ್ನು ಯಾರಾದರೂ ಮನುಷ್ಯರ ಮೇಲೆ ಪ್ರಯೋಗಿಸಿ. ತಪ್ಪಾಗುತ್ತದೆ, ನಗುತ್ತಾರೆ. ಭಯ, ನಾಚಿಕೆ, ಖುಷಿ ಸೇರಿಕೊಂಡ ನೆನಪು ಬೇಗ ಗಟ್ಟಿಯಾಗುತ್ತದೆ. ಹಿಪೊಕ್ಯಾಂಪಸ್‌ನ ಪಕ್ಕದಲ್ಲೇ ಇರುವ ಅಮಿಗ್ಡಲ ಎಂಬ ಬಾದಾಮಿ ಆಕಾರದ ಭಾಗ 'ಇದು ಮುಖ್ಯ' ಎಂದು ಗುರುತು ಹಾಕಿಕೊಡುತ್ತದೆ. ಪಟ್ಟಿ ಎಂಬ ಪದಕ್ಕೆ ನಾನು ಚೀಟಿಯೇ ಮಾಡಿಲ್ಲ.

ಊರಿಗೆ ಹೋಗಿ ಬಂದ ಮೇಲೆ

ಕಳೆದ ಬೇಸಿಗೆಯಲ್ಲಿ ಮೂರು ವಾರ ರಜೆ ಹಾಕಿ ಮೈಸೂರಿಗೆ ಹೋಗಿದ್ದೆ. ಒಂದು ಚೀಟಿಯನ್ನೂ ಮುಟ್ಟಲಿಲ್ಲ. ವಾಪಸ್ ಬಂದು ಮೂರನೇ ಡಬ್ಬಿ ತೆರೆದರೆ ಅರ್ಧಕ್ಕರ್ಧ ಮರೆತಿತ್ತು. ಹಳೆಯ ನಾನಾಗಿದ್ದರೆ ಅಲ್ಲಿಗೇ ಕೈಬಿಡುತ್ತಿದ್ದೆ. ಎಬಿಂಗ್‌ಹೌಸ್ ಲೆಕ್ಕ ನೆನಪಾಯಿತು: ಒಂದು ತಿಂಗಳಾದರೂ ಶ್ರಮದಲ್ಲಿ ಐದನೇ ಒಂದು ಭಾಗ ಉಳಿದಿರುತ್ತದೆ, ಅದೂ ಅರ್ಥವಿಲ್ಲದ ಉಚ್ಚಾರಗಳಲ್ಲಿ. ನನ್ನವು ಅರ್ಥವಿದ್ದ, ಗಂಟು ಹಾಕಿದ್ದ ಪದಗಳು. ಬಾರದ ಚೀಟಿಗಳನ್ನೆಲ್ಲ ಮೊದಲ ಡಬ್ಬಿಗೆ ಸುರಿದೆ. ಆ ವಾರ ಹೊಸ ಪದ ತೆಗೆದುಕೊಳ್ಳಲಿಲ್ಲ. ಐದನೇ ದಿನಕ್ಕೆ ಹೆಚ್ಚಿನವು ಎರಡನೇ ಡಬ್ಬಿಗೆ ಹೋಗಿದ್ದವು. 'ತುಕ' ಮಾತ್ರ ಏಳನೇ ಸಲ ಮೊದಲ ಡಬ್ಬಿಯಲ್ಲೇ ಉಳಿಯಿತು.